ಹನ್ನೆರಡು ನ್ಯೂಕ್ಲಿಯಾನ್‌ಗಳನ್ನು ಕೂಡಿಸಿದರೆ ಕಾರ್ಬನ್ ಆಗುವುದಿಲ್ಲ: ಬೆಳಕು ಹುಟ್ಟಿಸುವ ಮೆಸಾನ್‌ಗಳ ಲೆಕ್ಕ

ಪ್ರಶ್ನೆ: ಸರ್, ನಾನು ಕೊಡಗಿನ ನಾಪೋಕ್ಲು ಕಡೆಯವಳು, ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ವರ್ಷದಲ್ಲಿದ್ದೇನೆ. ಕಾರ್ಬನ್ ನ್ಯೂಕ್ಲಿಯಸ್ಸಿನ ಮೇಲೆ ಫೋಟಾನ್, ಅಂದರೆ ಬೆಳಕಿನ ಕಣ, ಬಿದ್ದಾಗ ತಟಸ್ಥ ಪಯಾನ್ (ಮೆಸಾನ್ ಜಾತಿಯ, ವಿದ್ಯುದಾವೇಶವಿಲ್ಲದ ಕಣ) ಹುಟ್ಟುವ ಕ್ರಿಯೆಗೆ ಮಾದರಿ ಕಟ್ಟುವುದು ನನ್ನ ಪ್ರಾಜೆಕ್ಟ್. ಒಂದು ಪ್ರೋಟಾನ್‌ಗೆ ಇರುವ ಕ್ರಾಸ್ ಸೆಕ್ಷನ್ (ಕ್ರಿಯೆ ನಡೆಯುವ ಸಾಧ್ಯತೆಯ ಅಳತೆ) ತೆಗೆದುಕೊಂಡು, ಕಾರ್ಬನ್‌ನಲ್ಲಿ ಪ್ರೋಟಾನ್, ನ್ಯೂಟ್ರಾನ್ ಸೇರಿ ಹನ್ನೆರಡು ನ್ಯೂಕ್ಲಿಯಾನ್‌ಗಳಿರುವುದರಿಂದ, 12ರಿಂದ ಗುಣಿಸಿದೆ. ಪ್ರಕಟವಾಗಿರುವ ಅಳತೆಗಿಂತ ನನ್ನ ಗ್ರಾಫ್ ಎರಡು ಪಟ್ಟಿಗಿಂತಲೂ ಎತ್ತರ ಬರುತ್ತದೆ, ಶಿಖರವೂ ತೀರ ಚೂಪಾಗಿದೆ. ಕೋಡ್‌ನಲ್ಲಿ ತಪ್ಪು ಹುಡುಕಿ ಸಾಕಾಗಿದೆ. ಸೀನಿಯರ್ ಒಬ್ಬರು ‘ಒಂದು ಗುಣಾಂಕ ಹಾಕಿ ಹೊಂದಿಸಿಬಿಡು, ಮಾದರಿ ಎಂದರೆ ಅಷ್ಟೇ’ ಎನ್ನುತ್ತಾರೆ. ಮನೆಯಲ್ಲಿ ಅಪ್ಪನಿಗೆ ಬೇರೆಯದೇ ಚಿಂತೆ. ನ್ಯೂಕ್ಲಿಯರ್ ಎಂದ ಕೂಡಲೇ ಅವರಿಗೆ ಕೈಗಾ ನೆನಪಾಗುತ್ತದೆ, ವಿಕಿರಣದ ಭಯ. ‘ತೂಕವೇ ಇಲ್ಲದ ಬೆಳಕು ತೂಕವಿರುವ ಕಣವನ್ನು ಹೇಗೆ ಹುಟ್ಟಿಸುತ್ತದೆ’ ಎಂದೂ ಕೇಳಿದರು. ಅವರಿಗೆ ತೃಪ್ತಿಯಾಗುವಂತೆ ಹೇಳಲು ನನಗೆ ಆಗಲಿಲ್ಲ. ಮಳೆಗಾಲ ಹಿಡಿದರೆ ಇಲ್ಲಿ ವಿದ್ಯುತ್ತನ್ನು ನೆಚ್ಚುವಂತಿಲ್ಲ, ದೊಡ್ಡ ಲೆಕ್ಕ ಮಾಡುವುದೂ ಕಷ್ಟ. ವಿಷಯವನ್ನೇ ಬದಲಿಸಲೇ?

ಉತ್ತರ: ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ ಎಂದೇ ನನ್ನ ಅಂದಾಜು. ಜರ್ಮನಿಯ ಮೈಂಜ್ ನಗರದಲ್ಲಿರುವ ‘ಮಾಮಿ’ ಎಂಬ ಎಲೆಕ್ಟ್ರಾನ್ ವೇಗವರ್ಧಕದಲ್ಲಿ ಕಾರ್ಬನ್, ಕ್ಯಾಲ್ಸಿಯಂ, ನಯೋಬಿಯಂ, ಸೀಸಗಳ ಮೇಲೆ ಈ ಅಳತೆಗಳು ನಡೆದಿವೆ. ಹೊರಬರುವ ತಟಸ್ಥ ಪಯಾನ್‌ಗಳ ಪ್ರಮಾಣ ನ್ಯೂಕ್ಲಿಯಾನ್‌ಗಳ ಸಂಖ್ಯೆಗೆ ತಕ್ಕಂತೆ ಏರುವುದಿಲ್ಲ, ಹೆಚ್ಚುಕಡಿಮೆ ಆ ಸಂಖ್ಯೆಯ 2/3 ಘಾತಕ್ಕೆ ತಕ್ಕಂತೆ ಏರುತ್ತದೆ ಎಂದು ಅವು ತೋರಿಸಿದವು. 12ರ 2/3 ಘಾತ ಸುಮಾರು 5.2. 12ನ್ನು 5.2ರಿಂದ ಭಾಗಿಸಿದರೆ 2.3. ನೀವು ಕೋಡ್‌ನಲ್ಲಿ ಹುಡುಕುತ್ತಿರುವ ‘ದೋಷ’ ಈ 2.3. ಅದು ಇರುವುದು ಕಾರ್ಬನ್ ನ್ಯೂಕ್ಲಿಯಸ್ಸಿನೊಳಗೆ, ಅದನ್ನು ವಿವರಿಸುವುದೇ ನಿಮ್ಮ ಪ್ರಾಜೆಕ್ಟಿನ ಕೆಲಸ.

ಅಪ್ಪನ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ಒಳ್ಳೆಯ ಪ್ರಶ್ನೆ. ಪ್ರಕೃತಿ ಉಳಿಸಿಕೊಳ್ಳುವುದು ಶಕ್ತಿಯನ್ನು ಮತ್ತು ಸಂವೇಗವನ್ನು. ಒಟ್ಟು ದ್ರವ್ಯರಾಶಿ ಹಾಗೆಯೇ ಉಳಿಯಬೇಕು ಎಂಬ ನಿಯಮ ಕಣಗಳ ಲೋಕದಲ್ಲಿ ಇಲ್ಲ. ತಟಸ್ಥ ಪಯಾನ್ ಹುಟ್ಟಲು ಅದರ ದ್ರವ್ಯರಾಶಿಗೆ ಸಮನಾದ 135 ಎಂಇವಿ, ಅಂದರೆ 13.5 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ನಿಂತಿರುವ ಪ್ರೋಟಾನ್‌ಗೆ ಫೋಟಾನ್ ಬಡಿದಾಗ ಪ್ರೋಟಾನ್ ಕೂಡ ಹಿಂದಕ್ಕೆ ಚಿಮ್ಮುವುದರಿಂದ ಆ ಖರ್ಚೂ ಸೇರಿ 144.7 ಎಂಇವಿ ಬೇಕಾಗುತ್ತದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಒಂದು ಫೋಟಾನ್‌ನಲ್ಲಿ ಇರುವುದು ಎರಡೋ ಮೂರೋ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಅದರ ಸುಮಾರು 6 ಕೋಟಿ ಪಟ್ಟು ಶಕ್ತಿಯ ಫೋಟಾನ್ ಬೇಕು. ಆದ್ದರಿಂದ ಮಡಿಕೇರಿಯ ರಾಜಾಸೀಟಿನ ಮೇಲೆ ಎಷ್ಟೇ ಬಿಸಿಲು ಬಿದ್ದರೂ ಆ ಬಿಸಿಲಿನಿಂದ ಒಂದು ಪಯಾನ್ ಕೂಡ ಹುಟ್ಟುವುದಿಲ್ಲ. ಇನ್ನೊಂದು ಮಾತು: ಖಾಲಿ ಜಾಗದಲ್ಲಿ ಒಂಟಿ ಫೋಟಾನ್ ಪಯಾನ್ ಆಗಲಾರದು. ಶಕ್ತಿ ಮತ್ತು ಸಂವೇಗ ಎರಡರ ಲೆಕ್ಕವೂ ಒಟ್ಟಿಗೆ ಕೂಡಿಬರಬೇಕಾದರೆ ಪಕ್ಕದಲ್ಲಿ ಪಾಲುದಾರನೊಬ್ಬ ಇರಲೇಬೇಕು. ಪ್ರೋಟಾನ್, ನ್ಯೂಟ್ರಾನ್ ಅಥವಾ ಇಡೀ ನ್ಯೂಕ್ಲಿಯಸ್ ಆ ಪಾಲುದಾರ.

ಇದು ಹಳೆಯ ಕಥೆಯೂ ಹೌದು. ಜಪಾನಿನ ಭೌತವಿಜ್ಞಾನಿ ಯುಕಾವಾ 1935ರಲ್ಲಿ ಮೆಸಾನ್ ಇರಬೇಕೆಂದು ಊಹಿಸಿದರು. 1947ರಲ್ಲಿ ಪೊವೆಲ್, ಲಾತೆಸ್, ಒಕಿಯಾಲಿನಿ ಮತ್ತು ಸಂಗಡಿಗರು ಎತ್ತರದ ಬೆಟ್ಟಗಳ ಮೇಲೆ ಇರಿಸಿದ್ದ ಛಾಯಾಚಿತ್ರ ಫಲಕಗಳಲ್ಲಿ ವಿದ್ಯುದಾವೇಶವಿರುವ ಪಯಾನ್‌ನ ಜಾಡು ಹಿಡಿದರು. ತಟಸ್ಥ ಪಯಾನ್ ಮಾತ್ರ ಜಾಡು ಬಿಡುವುದಿಲ್ಲ, ಹುಟ್ಟಿದ ಗಳಿಗೆಯಲ್ಲೇ ಎರಡು ಗಾಮಾ ಫೋಟಾನ್‌ಗಳಾಗಿ ಒಡೆಯುತ್ತದೆ. 1950ರಲ್ಲಿ ಬರ್ಕ್‌ಲಿಯಲ್ಲಿ ಸ್ಟೈನ್‌ಬರ್ಗರ್, ಪನೋಫ್ಸ್ಕಿ, ಸ್ಟೆಲ್ಲರ್ ಅವರು ಸಿಂಕ್ರೊಟ್ರಾನ್ ಎಂಬ ವೇಗವರ್ಧಕದ ಫೋಟಾನ್‌ಗಳನ್ನು ಗುರಿಯ ಮೇಲೆ ಬಿಟ್ಟು, ಆ ಎರಡು ಗಾಮಾಗಳನ್ನು ಏಕಕಾಲಕ್ಕೆ ಹಿಡಿದು ಅದರ ಇರವನ್ನು ಖಚಿತಪಡಿಸಿದರು. ನೀವು ಈಗ ಲೆಕ್ಕ ಹಾಕುತ್ತಿರುವ ಕ್ರಿಯೆಯಿಂದಲೇ ಈ ಕಣ ತಾನಿರುವುದನ್ನು ಜಗತ್ತಿಗೆ ಸಾರಿತು.

ವಿಕಿರಣದ ಭಯಕ್ಕೆ ಉತ್ತರ ಚಿಕ್ಕದು. ಕೈಗಾದಲ್ಲಿ ನಡೆಯುವುದು ಯುರೇನಿಯಂ ವಿದಳನ. ಅದಕ್ಕೂ ನಿಮ್ಮ ಕೆಲಸಕ್ಕೂ ನ್ಯೂಕ್ಲಿಯಸ್ ಎಂಬ ಹೆಸರಷ್ಟೇ ಸಮಾನ. ನಿಮ್ಮ ಕೈಗೆ ಬರುವುದು ಸಮೀಕರಣ ಮತ್ತು ಲ್ಯಾಪ್‌ಟಾಪ್. ಮುಂದೆ ಮೈಂಜ್‌ನಲ್ಲೋ ಅಮೆರಿಕದ ಜೆಫರ್ಸನ್ ಲ್ಯಾಬ್‌ನಲ್ಲೋ ಪ್ರಯೋಗಕ್ಕೆ ಹೋದಿರಿ ಎಂದುಕೊಳ್ಳೋಣ. ಅಲ್ಲಿ ಕಿರಣ ಹರಿಯುವಾಗ ಪ್ರಯೋಗದ ಕೋಣೆಯೊಳಗೆ ಯಾರನ್ನೂ ಬಿಡುವುದಿಲ್ಲ, ಕಿರಣ ನಿಲ್ಲಿಸಿದ ಕೂಡಲೇ ಫೋಟಾನ್‌ಗಳ ಉತ್ಪತ್ತಿಯೂ ನಿಲ್ಲುತ್ತದೆ. ಉಪಕರಣಗಳಲ್ಲಿ ಉಳಿಯುವ ಅಲ್ಪ ವಿಕಿರಣವನ್ನು ಅಳೆದು ನೋಡಿದ ಮೇಲೆಯೇ ಒಳಗೆ ಹೋಗಲು ಅನುಮತಿ ಸಿಗುತ್ತದೆ. ಅಪ್ಪನಿಗೆ ಇದನ್ನು ಹೀಗೆಯೇ ಹೇಳಿ. ಮೆಸಾನ್‌ಗಳ ವಿಷಯಕ್ಕೆ ಬಂದರೆ, ಅವರು ಕಾಫಿ ತೋಟದಲ್ಲಿ ನಿಂತಾಗಲೂ ವಿಶ್ವಕಿರಣಗಳು ಮೇಲಿನ ವಾಯುಮಂಡಲದಲ್ಲಿ ಹುಟ್ಟಿಸಿದ ಪಯಾನ್‌ಗಳ ಸಂತತಿಯಾದ ಮ್ಯುಯಾನ್ ಎಂಬ ಕಣಗಳು ಅವರ ಅಂಗೈಯನ್ನು ಸದಾ ಹಾದು ಹೋಗುತ್ತಲೇ ಇರುತ್ತವೆ, ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ.

ಈಗ ನಿಮ್ಮ ಗ್ರಾಫಿಗೆ ಬರೋಣ.

ಒಂಟಿ ಪ್ರೋಟಾನ್ ಮೇಲೆ ಸುಮಾರು 340 ಎಂಇವಿ ಫೋಟಾನ್ ಬಿದ್ದರೆ ಅದರೊಳಗಿನ ಘಟಕ ಕಣವಾದ ಕ್ವಾರ್ಕ್ ಒಂದರ ಸ್ಪಿನ್ (ಕಣದ ಸ್ವಂತ ಕೋನೀಯ ಸಂವೇಗ) ತಿರುಗಿ, ಪ್ರೋಟಾನ್ 1232 ಎಂಇವಿ ದ್ರವ್ಯರಾಶಿಯ ‘ಡೆಲ್ಟಾ’ ಎಂಬ ಉದ್ರಿಕ್ತ ಸ್ಥಿತಿಗೆ ಏರುತ್ತದೆ. ಡೆಲ್ಟಾ ಬಾಳುವುದು ಒಂದು ಸೆಕೆಂಡಿನ ಲಕ್ಷ ಕೋಟಿ ಕೋಟಿಯ ಒಂದು ಪಾಲಿಗಿಂತಲೂ ಕಡಿಮೆ ಕಾಲ. ನಂತರ ಅದು ಪಯಾನ್ ಮತ್ತು ನ್ಯೂಕ್ಲಿಯಾನ್ ಆಗಿ ಒಡೆಯುತ್ತದೆ. ನೀವು ನೋಡುತ್ತಿರುವ ಚೂಪು ಶಿಖರ ಇದು, ಸುಮಾರು 300 ಮೈಕ್ರೋಬಾರ್ನ್ (ಬಾರ್ನ್ ಎಂಬುದು ಕ್ರಾಸ್ ಸೆಕ್ಷನ್‌ನ ಮಾನ) ಎತ್ತರ. ಈ ಭಾಗವನ್ನು ನೀವು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಮೈಂಜ್‌ನ ‘ಮೇಯ್ಡ್’, ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ‘ಸೇಯ್ಡ್’ ಎಂಬ ವಿಶ್ಲೇಷಣೆಗಳು ಒಂಟಿ ನ್ಯೂಕ್ಲಿಯಾನ್‌ನ ಆಂಪ್ಲಿಟ್ಯೂಡ್‌ಗಳನ್ನು (ಕ್ರಾಸ್ ಸೆಕ್ಷನ್ ಪಡೆಯಲು ಬೇಕಾಗುವ ಕ್ವಾಂಟಮ್ ಸಂಖ್ಯೆಗಳನ್ನು) ಯಾರು ಬೇಕಾದರೂ ಪಡೆಯುವಂತೆ ಒದಗಿಸುತ್ತವೆ. ಚ್ಯೂ, ಗೋಲ್ಡ್‌ಬರ್ಗರ್, ಲೋ, ನಂಬು ಎಂಬ ಸಿದ್ಧಾಂತಿಗಳು 1957ರಲ್ಲಿ ಹಾಕಿಕೊಟ್ಟ ಚೌಕಟ್ಟಿನಲ್ಲೇ ಅವೂ ಇವೆ.

ನ್ಯೂಕ್ಲಿಯಸ್ಸಿನೊಳಗೆ ಈ ಶಿಖರಕ್ಕೆ ಆಗುವ ಮೊದಲ ಪೆಟ್ಟು ನ್ಯೂಕ್ಲಿಯಾನ್‌ಗಳ ಓಡಾಟದಿಂದ, ಅಂದರೆ ಫರ್ಮಿ ಚಲನೆಯಿಂದ. ಅವು ಒಂದೆಡೆ ನಿಲ್ಲುವುದಿಲ್ಲ. ಕಾರ್ಬನ್‌ನಲ್ಲಿ ಅವುಗಳ ಫರ್ಮಿ ಸಂವೇಗ, ಅಂದರೆ ಈ ಓಡಾಟದ ಗರಿಷ್ಠ ಸಂವೇಗ, ಸುಮಾರು 220 ಎಂಇವಿ, ಸೀಸದಲ್ಲಿ 265 (ಬೆಳಕಿನ ವೇಗವನ್ನು 1 ಎಂದು ಹಿಡಿದು ಹೇಳುತ್ತಿದ್ದೇನೆ). ಈ ಲೆಕ್ಕವನ್ನು ನೀವೇ ಕಾಗದದ ಮೇಲೆ ಮಾಡಿ ನೋಡಬೇಕು. 200 ಎಂಇವಿ ಸಂವೇಗದ ನ್ಯೂಕ್ಲಿಯಾನ್ ಫೋಟಾನ್‌ಗೆ ಎದುರಾಗಿ ಬರುತ್ತಿದ್ದರೆ ಡೆಲ್ಟಾ ಸುಮಾರು 275 ಎಂಇವಿ ಫೋಟಾನ್‌ಗೇ ಎದ್ದುಬಿಡುತ್ತದೆ. ಅದೇ ನ್ಯೂಕ್ಲಿಯಾನ್ ಫೋಟಾನ್‌ನಿಂದ ದೂರ ಓಡುತ್ತಿದ್ದರೆ ಸುಮಾರು 420 ಬೇಕಾಗುತ್ತದೆ. 340ರಲ್ಲಿ ಚೂಪಾಗಿ ನಿಂತಿದ್ದ ಶಿಖರ ಈ ಅಗಲಕ್ಕೆ ಹರಡಿಕೊಂಡ ಮೇಲೆ ತಗ್ಗಲೇಬೇಕು. ಶಿಖರ ಚೂಪಾಗಿದೆ ಎಂಬ ನಿಮ್ಮ ದೂರಿನ ದೊಡ್ಡ ಪಾಲು ಇಲ್ಲಿಗೆ ತೀರುತ್ತದೆ. ಇದಕ್ಕೆ ಬೇಕಾಗುವುದು ಒಂದು ಮೂರು ಆಯಾಮದ ಅನುಕಲನ, ಲ್ಯಾಪ್‌ಟಾಪ್‌ನಲ್ಲಿ ಕ್ಷಣಗಳ ಕೆಲಸ.

ಆದರೆ ಓಡಾಟ ಶಿಖರವನ್ನು ಹರಡುತ್ತದೆಯೇ ಹೊರತು ಕೆಳಗಿನ ಒಟ್ಟು ವಿಸ್ತೀರ್ಣವನ್ನು ಹೆಚ್ಚು ಕಡಿಮೆ ಮಾಡುವುದಿಲ್ಲ. 2.3ರ ಕೊರತೆ ಅದರಿಂದ ತುಂಬದು. ಪೌಲಿ ನಿಷೇಧ ಇನ್ನಷ್ಟು ಕತ್ತರಿಸುತ್ತದೆ: ಪಯಾನ್ ಕೊಟ್ಟ ನ್ಯೂಕ್ಲಿಯಾನ್ ಹಿಂಜಿಗಿದು ಸೇರಬೇಕಾದ ಸ್ಥಿತಿಯಲ್ಲಿ ಈಗಾಗಲೇ ಇನ್ನೊಂದು ಕೂತಿದ್ದರೆ ಆ ಕ್ರಿಯೆ ನಡೆಯುವುದೇ ಇಲ್ಲ. ಪಯಾನ್ ಮುಂದಿನ ದಿಕ್ಕಿಗೆ ಹೊರಟಾಗ ನ್ಯೂಕ್ಲಿಯಾನ್‌ಗೆ ಸಿಗುವ ಒದೆತ ಚಿಕ್ಕದು, ಆದ್ದರಿಂದ ಅಲ್ಲಿಯೇ ಈ ಕತ್ತರಿ ಹೆಚ್ಚು ಆಡುತ್ತದೆ. ಬಂಧನಶಕ್ತಿಯನ್ನೂ ಮರೆಯಬಾರದು, ಕಾರ್ಬನ್‌ನಿಂದ ಒಂದು ಪ್ರೋಟಾನ್ ಕೀಳಲು 16 ಎಂಇವಿ ಬೇಕು. ಇಷ್ಟೆಲ್ಲ ಸೇರಿಸಿದರೂ ನಿಮ್ಮ ಗ್ರಾಫ್ ಅಳತೆಗಿಂತ ಮೇಲೆಯೇ ಉಳಿಯುತ್ತದೆ.

ಉಳಿದದ್ದು ಎಲ್ಲಿ ಹೋಯಿತು? ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಫೋಟಾನ್‌ಗೂ ನ್ಯೂಕ್ಲಿಯಾನ್‌ಗೂ ನಡುವಿನ ನಂಟು ದುರ್ಬಲ. ಡೆಲ್ಟಾ ಶಿಖರದಲ್ಲೂ ಫೋಟಾನ್‌ನ ಒಟ್ಟು ಕ್ರಾಸ್ ಸೆಕ್ಷನ್ ಸುಮಾರು 500 ಮೈಕ್ರೋಬಾರ್ನ್. ನ್ಯೂಕ್ಲಿಯಸ್ಸಿನ ಸಾಂದ್ರತೆಯನ್ನು ಘನ ಫೆಮ್ಟೋಮೀಟರಿಗೆ (ಫೆಮ್ಟೋಮೀಟರ್ ಎಂದರೆ 10ರ ಮೈನಸ್ 15 ಘಾತದಷ್ಟು ಮೀಟರ್) 0.16 ನ್ಯೂಕ್ಲಿಯಾನ್ ಎಂದು ಹಿಡಿದರೆ, ಫೋಟಾನ್ ಸರಾಸರಿ 125 ಫೆಮ್ಟೋಮೀಟರ್ ಸಾಗಿದ ಮೇಲೆ ಒಂದು ಡಿಕ್ಕಿ. ಸೀಸದ ನ್ಯೂಕ್ಲಿಯಸ್ಸಿನ ತ್ರಿಜ್ಯವೇ ಸುಮಾರು 7 ಫೆಮ್ಟೋಮೀಟರ್. ಎಂದರೆ ಫೋಟಾನ್‌ಗೆ ಮುಂದಿನ ನ್ಯೂಕ್ಲಿಯಾನ್, ಹಿಂದಿನ ನ್ಯೂಕ್ಲಿಯಾನ್, ನಡುವಿನದು ಎಂಬ ಭೇದವಿಲ್ಲ. ಎಲ್ಲವೂ ಅದಕ್ಕೆ ಸಮಾನವಾಗಿ ತೆರೆದಿವೆ. ಅದು ಹುಟ್ಟಿಸುವ ಪಯಾನ್‌ನ ಪಾಡು ಬೇರೆ. ಅದೇ ಡೆಲ್ಟಾ ಅನುರಣನದಿಂದಾಗಿ ಪಯಾನ್‌ಗೂ ನ್ಯೂಕ್ಲಿಯಾನ್‌ಗೂ ಇರುವ ಕ್ರಾಸ್ ಸೆಕ್ಷನ್ ನೂರು ಮಿಲಿಬಾರ್ನ್ ದಾಟುತ್ತದೆ, ಫೋಟಾನ್‌ನದಕ್ಕಿಂತ ನೂರಾರು ಪಟ್ಟು. ಒಂದು ಫೆಮ್ಟೋಮೀಟರ್ ಸಾಗುವ ಮೊದಲೇ ಡಿಕ್ಕಿ. ಮುಂಜಾನೆಯ ಮಂಜು ರೊಬಸ್ಟಾ ಗಿಡಗಳ ನಡುವೆ ತಡೆಯಿಲ್ಲದೆ ಹರಡಿ ತೋಟದ ಮೂಲೆ ಮೂಲೆಯನ್ನೂ ತೋಯಿಸುತ್ತದೆ. ಅದೇ ತೋಟದ ನಡುವಿನಿಂದ ಕಾಫಿ ಹಣ್ಣಿನ ಚೀಲ ಹೊತ್ತು ರಸ್ತೆಗೆ ಬರುವವರು ಪ್ರತಿ ಸಾಲಿನಲ್ಲೂ ಕೊಂಬೆಗೆ ಸಿಕ್ಕಿಕೊಳ್ಳುತ್ತಾರೆ. ಹುಟ್ಟುವುದು ಇಡೀ ಗಾತ್ರದಲ್ಲಿ, ಹೊರಬರುವುದು ಬಹುಪಾಲು ಅಂಚಿನಿಂದ. 2/3 ಘಾತ ಬರುವುದು ಇದರಿಂದ, ಏಕೆಂದರೆ ಗೋಳದ ಮೇಲ್ಮೈ ಬೆಳೆಯುವುದು ಗಾತ್ರದ 2/3 ಘಾತದಂತೆ.

ಈ ಮಾತಿಗೆ ಇನ್ನೊಂದು ಸಾಕ್ಷಿಯಿದೆ. ಪಯಾನ್ ಹೊರಬಂದಿತೇ ಇಲ್ಲವೇ ಎಂದು ಕೇಳದೆ, ಫೋಟಾನ್ ಹೀರಲ್ಪಟ್ಟಿತೇ ಎಂದಷ್ಟೇ ಅಳೆದರೆ, ಡೆಲ್ಟಾ ಪ್ರದೇಶದಲ್ಲಿ ಉತ್ತರ ನ್ಯೂಕ್ಲಿಯಾನ್ ಸಂಖ್ಯೆಗೆ ನೇರವಾಗಿ ಅನುಗುಣವಾಗಿ ಬರುತ್ತದೆ. ಹಗುರ ನ್ಯೂಕ್ಲಿಯಸ್ಸಾಗಲಿ ಭಾರದ್ದಾಗಲಿ, ತಲಾ ನ್ಯೂಕ್ಲಿಯಾನ್ ಲೆಕ್ಕದಲ್ಲಿ ಎಲ್ಲವೂ ಬಹುತೇಕ ಒಂದೇ ವಕ್ರರೇಖೆಯ ಮೇಲೆ ಕೂರುತ್ತವೆ. ಬೆಳಕು ಎಲ್ಲರನ್ನೂ ಮುಟ್ಟಿದೆ ಎಂಬುದು ಇದರಿಂದ ಖಚಿತ. ಹುಟ್ಟಿದ ಪಯಾನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಳಗೇ ಎರಡು ನ್ಯೂಕ್ಲಿಯಾನ್‌ಗಳಿಗೆ ತಮ್ಮ ಶಕ್ತಿಯನ್ನು ಒಪ್ಪಿಸಿ ಇಲ್ಲವಾಗುತ್ತವೆ ಅಥವಾ ಆವೇಶ ಬದಲಿಸಿಕೊಳ್ಳುತ್ತವೆ. ಡೆಲ್ಟಾ ಒಡೆಯುವ ಮೊದಲೇ ಪಕ್ಕದ ನ್ಯೂಕ್ಲಿಯಾನ್‌ಗೆ ಬಡಿದು, ಪಯಾನ್ ಕೊಡದೆಯೇ ಎರಡು ನ್ಯೂಕ್ಲಿಯಾನ್‌ಗಳಾಗಿ ಮುಗಿಯುವುದೂ ಉಂಟು.

ಕೈಲೆಕ್ಕ ಒಂದನ್ನು ಮಾಡಿ ನೋಡಿ. ನ್ಯೂಕ್ಲಿಯಸ್ಸು ಏಕರೂಪದ ಗೋಳ, ಪಯಾನ್ ಅದರೊಳಗೆ ಎಲ್ಲಿ ಬೇಕಾದರೂ ಹುಟ್ಟಿ ಯಾವ ದಿಕ್ಕಿಗಾದರೂ ಹೊರಡಬಹುದು, ದಾರಿಯಲ್ಲಿ ಸರಾಸರಿ 2 ಫೆಮ್ಟೋಮೀಟರಿಗೆ ಕಳೆದುಹೋಗುತ್ತದೆ ಎಂದು ಇಟ್ಟುಕೊಳ್ಳಿ. ಡಿಕ್ಕಿಯಾದ ಪ್ರತಿಯೊಂದು ಪಯಾನ್ ಸಾಯುವುದಿಲ್ಲವಾದ್ದರಿಂದ ಕಳೆದುಹೋಗುವ ದೂರ ಡಿಕ್ಕಿಯ ದೂರಕ್ಕಿಂತ ಹೆಚ್ಚಿರುತ್ತದೆ. ಕಾರ್ಬನ್‌ನ ತ್ರಿಜ್ಯ 2.75 ಎಂದರೆ ನೂರಕ್ಕೆ 43ರಷ್ಟು ಪಯಾನ್‌ಗಳು ಪಾರಾಗುತ್ತವೆ, ಸೀಸದಲ್ಲಿ ನೂರಕ್ಕೆ 20. 2/3 ಘಾತದ ನಿಯಮ ಹೇಳುವುದು ಕ್ರಮವಾಗಿ 44 ಮತ್ತು 17. ಇಷ್ಟು ಒರಟು ಲೆಕ್ಕ ಇಷ್ಟು ಹತ್ತಿರ ಬರುವುದನ್ನು ಕಂಡರೆ, ನಿಮ್ಮ ಕೊರತೆಯ ಮೂಲ ಯಾವುದು ಎಂಬ ಅನುಮಾನ ಉಳಿಯುವುದಿಲ್ಲ.

ಇಲ್ಲಿ ನಿಮ್ಮ ಸೀನಿಯರ್ ಮಾತಿಗೆ ಬರುತ್ತೇನೆ. ‘ಗುಣಾಂಕ ಹಾಕಿ ಹೊಂದಿಸಿಬಿಡು’ ಎಂಬುದು ಈ ಕ್ಷೇತ್ರದಲ್ಲಿ ತುಂಬ ಕೇಳಿಬರುವ ಸಲಹೆ, ಮತ್ತು ಹಾನಿಕರ ಸಲಹೆ. ನಾನು ಮೇಲೆ 2 ಫೆಮ್ಟೋಮೀಟರ್ ಎಂದು ಇಟ್ಟಿದ್ದೂ ಒಂದು ಗುಣಾಂಕವೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಅದನ್ನು ಕಾರ್ಬನ್‌ನಲ್ಲಿ ನಿಗದಿ ಮಾಡಿ ಸೀಸದಲ್ಲಿ ಪರೀಕ್ಷೆಗೆ ಒಡ್ಡಿದೆ. ಅಲ್ಲಿ ಸೋಲುವ ಅವಕಾಶ ಅದಕ್ಕಿತ್ತು. 0.43 ಎಂದು ಬರೆದು ಕಾರ್ಬನ್ ಗ್ರಾಫನ್ನು ಗುಣಿಸಿ ಸುಮ್ಮನಾದರೆ ಅದಕ್ಕೆ ಸೋಲುವ ಅವಕಾಶವೇ ಇಲ್ಲ, ಆದ್ದರಿಂದ ಅದು ಏನನ್ನೂ ಹೇಳುವುದಿಲ್ಲ. ಮೈಂಜ್‌ನ ಸಿದ್ಧಾಂತಿಗಳು 1999ರಲ್ಲಿ ಮಾಡಿದ ಕೆಲಸ ಇದಕ್ಕೆ ಒಳ್ಳೆಯ ಮೇಲ್ಪಂಕ್ತಿ. ನ್ಯೂಕ್ಲಿಯಸ್ಸಿನೊಳಗೆ ಡೆಲ್ಟಾದ ಶಕ್ತಿ ಮತ್ತು ಅಗಲ ಎಷ್ಟು ಬದಲಾಗುತ್ತದೆ ಎಂಬುದನ್ನು ಅವರು ಹೀಲಿಯಂ ಅಳತೆಯೊಂದರಿಂದಲೇ ನಿಗದಿ ಮಾಡಿ, ಅದನ್ನು ಮುಟ್ಟದೆ ಭಾರದ ನ್ಯೂಕ್ಲಿಯಸ್ಸುಗಳಿಗೆ ಒಯ್ದರು. ಮಾದರಿ ಎಂಬ ಹೆಸರಿಗೆ ತಕ್ಕ ನಡತೆ ಅದು.

ಇನ್ನು ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು, ಫರ್ಮಿ ಚಲನೆ ಮತ್ತು ಪೌಲಿ ನಿಷೇಧಗಳನ್ನಷ್ಟೇ ಸೇರಿಸಿ, ಹೊರಬರುವ ಪಯಾನ್ ಸ್ವತಂತ್ರ ಎಂದು ಭಾವಿಸಿ ನಿಲ್ಲುವುದು. ಇದಕ್ಕೆ ಇಂಪಲ್ಸ್ ಅಪ್ರಾಕ್ಸಿಮೇಷನ್ ಎಂದು ಹೆಸರು. ಬೇಗ ಮುಗಿಯುತ್ತದೆ. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಮಾತ್ರ ಇರುವ ಡ್ಯೂಟೆರಾನ್‌ನಂಥ ಸಡಿಲ ನ್ಯೂಕ್ಲಿಯಸ್ಸಿಗೆ ಸಾಕಷ್ಟು ಚೆನ್ನಾಗಿದೆ, ನಿಧಾನದ ಪಯಾನ್‌ಗಳಿಗೆ ನ್ಯೂಕ್ಲಿಯಸ್ಸು ಹೆಚ್ಚು ಪಾರದರ್ಶಕವಾಗಿರುವ ಕಡಿಮೆ ಶಕ್ತಿಯಲ್ಲೂ ತೀರ ಕೆಟ್ಟದ್ದಲ್ಲ. ಡೆಲ್ಟಾ ಶಿಖರದಲ್ಲಿ ಮಾತ್ರ ಅದು ಸೋಲುತ್ತದೆ ಎಂದು ನಿಮಗೆ ಈಗಾಗಲೇ ಗೊತ್ತು.

ಎರಡನೆಯದನ್ನು ಹೆಚ್ಚಿನ ಪಠ್ಯಗಳು ಸೂಚಿಸುತ್ತವೆ: ಪಯಾನ್‌ನ ಅಲೆಯನ್ನು ಆಪ್ಟಿಕಲ್ ಪೊಟೆನ್ಷಿಯಲ್ (ನ್ಯೂಕ್ಲಿಯಸ್ಸು ಪಯಾನನ್ನು ಚದುರಿಸುವುದನ್ನೂ ಹೀರುವುದನ್ನೂ ಒಟ್ಟಾಗಿ ತೋರಿಸುವ ಗಣಿತದ ಸಾಧನ) ಮೂಲಕ ವಿಕೃತಗೊಳಿಸುವುದು. ಇಲ್ಲಿ ಒಂದು ಹೊಂಡವಿದೆ, ನಾನು ಪರಿಶೀಲಿಸಿದ ಪ್ರಬಂಧಗಳಲ್ಲಿ ಅನೇಕರು ಇದರಲ್ಲಿ ಬಿದ್ದಿದ್ದಾರೆ. ಈ ಪೊಟೆನ್ಷಿಯಲ್ ಒಂದು ಡಿಕ್ಕಿ ಹೊಡೆದ ಪಯಾನನ್ನೂ ಸತ್ತ ಪಯಾನನ್ನೂ ಒಂದೇ ಲೆಕ್ಕಕ್ಕೆ ಹಾಕುತ್ತದೆ, ಎರಡನ್ನೂ ಕಳೆದುಬಿಡುತ್ತದೆ. ನ್ಯೂಕ್ಲಿಯಸ್ಸು ಒಂದು ನಿರ್ದಿಷ್ಟ ಸ್ಥಿತಿಯಲ್ಲೇ ಉಳಿಯಬೇಕು ಎಂಬ ಅಳತೆಗೆ ಅದು ಸರಿ. ನಿಮ್ಮಲ್ಲಿರುವುದು ಒಟ್ಟು ಅಳತೆ. ದಾರಿಯಲ್ಲಿ ತಿರುಗಿ, ಶಕ್ತಿ ಕಳೆದುಕೊಂಡು ಹೊರಬಂದ ಪಯಾನ್ ಕೂಡ ಪ್ರಯೋಗಕಾರರ ಎಣಿಕೆಯಲ್ಲಿದೆ. ಆದ್ದರಿಂದ ಈ ದಾರಿ ಹಿಡಿದರೆ ನಿಮ್ಮ ಗ್ರಾಫ್ ಈಗ ಮೇಲಿರುವಂತೆ ಆಗ ಅಳತೆಗಿಂತ ಕೆಳಗಿಳಿಯುತ್ತದೆ, ನೀವು ಮತ್ತೆ ಕೋಡ್‌ನಲ್ಲಿ ತಪ್ಪು ಹುಡುಕುತ್ತೀರಿ. ತಟಸ್ಥ ಪಯಾನ್‌ಗಳ ಕಿರಣ ಮಾಡಲು ಆಗುವುದಿಲ್ಲ ಎಂಬ ತೊಡಕೂ ಇದೆ. ಅದರ ಆಯುಷ್ಯ ಸುಮಾರು 8.4 ಅನ್ನು 10ರ ಮೈನಸ್ 17 ಘಾತದಿಂದ ಗುಣಿಸಿದಷ್ಟು ಸೆಕೆಂಡ್. ಹಾಗಾಗಿ ಪೊಟೆನ್ಷಿಯಲ್ಲನ್ನು ಆವೇಶವಿರುವ ಪಯಾನ್‌ಗಳ ಚದುರಿಕೆಯಿಂದ ಐಸೋಸ್ಪಿನ್ ಸಮಾನತೆಯ (ಮೂರು ಬಗೆಯ ಪಯಾನ್‌ಗಳೂ ನ್ಯೂಕ್ಲಿಯರ್ ಬಲಕ್ಕೆ ಒಂದೇ ಎಂಬ ನಿಯಮದ) ಮೂಲಕ ಎರವಲು ಪಡೆಯಬೇಕಾಗುತ್ತದೆ.

ಮೂರನೆಯದು ಸಾಗಣೆ ಮಾದರಿ: ಪ್ರತಿ ಪಯಾನನ್ನೂ ಡೆಲ್ಟಾವನ್ನೂ ನ್ಯೂಕ್ಲಿಯಸ್ಸಿನೊಳಗೆ ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಿ, ಡಿಕ್ಕಿ, ಆವೇಶ ಬದಲಾವಣೆ, ಹೀರಿಕೆಗಳನ್ನು ಸಾಧ್ಯತೆಯ ಪ್ರಕಾರ ನಿರ್ಧರಿಸುತ್ತಾ ಹೋಗುವುದು. ಜರ್ಮನಿಯ ಗೀಸನ್‌ನಲ್ಲಿ ಬೆಳೆದ ‘ಜಿಐಬಿಯುಯು’ ಎಂಬ ಫೋರ್ಟ್ರಾನ್ ಕೋಡ್ ಇದಕ್ಕೆ ಹೆಸರುವಾಸಿ, ಮುಕ್ತವಾಗಿ ಸಿಗುತ್ತದೆ. ಸ್ಪೇನಿನ ವೆಲೆನ್ಸಿಯಾ ಗುಂಪು 1980ರ ದಶಕದ ಕೊನೆಯಿಂದ ಇದೇ ಹಾದಿಯಲ್ಲಿ ಕೆಲಸ ಮಾಡಿದೆ. ನಿಮ್ಮ ಒಟ್ಟು ಅಳತೆಗೆ ಸರಿಹೊಂದುವುದು ಇದೇ. ಅಪಾಯ ಎಲ್ಲಿದೆ ಎಂದರೆ, ಇದು ಕಣಗಳನ್ನು ಬಿಡಿಬಿಡಿಯಾಗಿ ನೋಡುತ್ತದೆ, ಅಲೆಗಳ ಕೂಡಿಕೆ ಇದಕ್ಕೆ ಕಾಣುವುದಿಲ್ಲ. 340 ಎಂಇವಿ ಫೋಟಾನ್‌ನ ತರಂಗಾಂತರ ಸುಮಾರು 3.6 ಫೆಮ್ಟೋಮೀಟರ್, ಕಾರ್ಬನ್ ನ್ಯೂಕ್ಲಿಯಸ್ಸಿನ ಗಾತ್ರದ್ದೇ. ಎಲ್ಲ ಹನ್ನೆರಡು ನ್ಯೂಕ್ಲಿಯಾನ್‌ಗಳೂ ಒಂದೇ ತಾಳದಲ್ಲಿ ಸೇರಿ, ನ್ಯೂಕ್ಲಿಯಸ್ಸನ್ನು ಅಲುಗಿಸದೆ ಒಂದು ಪಯಾನ್ ಕೊಡುವುದು ಸಾಧ್ಯ. ಇದು ಸಂಸಕ್ತ ಉತ್ಪಾದನೆ. ಕಾರ್ಬನ್‌ನಲ್ಲಿ ಅದರ ಪಾಲು ಕಡೆಗಣಿಸುವಷ್ಟು ಚಿಕ್ಕದಲ್ಲ, ಅದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ ಸೇರಿಸಬೇಕು.

ಡೆಲ್ಟಾವನ್ನೂ ಅದು ಬಿಟ್ಟುಹೋದ ಖಾಲಿ ಸ್ಥಾನವನ್ನೂ ಒಟ್ಟಿಗೆ ಕ್ವಾಂಟಮ್ ರೀತಿಯಲ್ಲಿ ನಡೆಸುವ ಡೆಲ್ಟಾ–ಹೋಲ್ ಮಾದರಿ ನಾಲ್ಕನೆಯದು. ಸುಂದರವಾದದ್ದು, ಆದರೆ ಎಂ.ಎಸ್ಸಿ. ಪ್ರಾಜೆಕ್ಟಿನ ಅವಧಿಗೆ ಹಿಡಿಸದು. ಪಿಎಚ್.ಡಿ.ಗೆ ಇಟ್ಟುಕೊಳ್ಳಿ.

ಸಂಸಕ್ತ ಭಾಗದ ಬಗ್ಗೆ ಇನ್ನೂ ಎರಡು ಮಾತು ಹೇಳಲೇಬೇಕು. ಕಾರ್ಬನ್‌ನ ಒಟ್ಟು ಸ್ಪಿನ್ ಸೊನ್ನೆ. ಹಾಗಿರುವಾಗ ಸ್ಪಿನ್ ತಿರುಗಿಸುವ ಆಂಪ್ಲಿಟ್ಯೂಡ್‌ಗಳೆಲ್ಲ ಅಳಿದು, ಕೋನದ ಸೈನ್ ವರ್ಗ, ನ್ಯೂಕ್ಲಿಯಾನ್ ಸಂಖ್ಯೆಯ ವರ್ಗ, ನ್ಯೂಕ್ಲಿಯಸ್ಸಿನ ಫಾರ್ಮ್ ಫ್ಯಾಕ್ಟರ್‌ನ (ಒಳಗೆ ನ್ಯೂಕ್ಲಿಯಾನ್‌ಗಳು ಹೇಗೆ ಹರಡಿವೆ ಎಂದು ತಿಳಿಸುವ ಅಂಶದ) ವರ್ಗ ಇವುಗಳ ಗುಣಲಬ್ಧ ಉಳಿಯುತ್ತದೆ. ಅಂದರೆ ನೇರ ಮುಂದಿನ ದಿಕ್ಕಿನಲ್ಲಿ ಉತ್ತರ ಸೊನ್ನೆಯಾಗಬೇಕು, ಸ್ವಲ್ಪ ಕೋನದಲ್ಲಿ ಏರಿ, ಮತ್ತೆ ಇಳಿಯಬೇಕು. ಮುಂದಿನ ದಿಕ್ಕಿನಲ್ಲೇ ಶಿಖರ ಕಂಡರೆ ಆಗ ನಿಜವಾಗಿಯೂ ಕೋಡ್‌ನಲ್ಲಿ ತಪ್ಪಿದೆ. ಕಾರ್ಬನ್‌ನ ಫಾರ್ಮ್ ಫ್ಯಾಕ್ಟರ್, ನ್ಯೂಕ್ಲಿಯಸ್ಸಿಗೆ ಸಿಗುವ ಸಂವೇಗ ಪ್ರತಿ ಫೆಮ್ಟೋಮೀಟರಿಗೆ 1.8ರ ಆಸುಪಾಸಿನಲ್ಲಿದ್ದಾಗ, ಮೊದಲ ಸಲ ಸೊನ್ನೆ ಮುಟ್ಟುತ್ತದೆ. 340 ಎಂಇವಿ ಫೋಟಾನ್‌ಗೆ ಅದು ಸುಮಾರು 65 ಡಿಗ್ರಿ ಕೋನ, ಪಯಾನ್‌ನ ಅಲೆಯ ವಿಕೃತಿಯನ್ನು ಬಿಟ್ಟು. ಈ ಎರಡು ಗುರುತುಗಳನ್ನು ಗೋಡೆಗೆ ಅಂಟಿಸಿಕೊಂಡು ಕೋಡ್ ಬರೆಯಿರಿ. ಇನ್ನೊಂದು ಸಣ್ಣ ಪರೀಕ್ಷೆ: ಸಂಸಕ್ತ ಕ್ರಿಯೆಯಲ್ಲಿ ಹಿಂದಕ್ಕೆ ಚಿಮ್ಮುವುದು ಇಡೀ ಕಾರ್ಬನ್ ಆದ್ದರಿಂದ ಹೊಸ್ತಿಲ ಶಕ್ತಿ 144.7 ಅಲ್ಲ, 135.8 ಎಂಇವಿ.

ಮಾದರಿಯ ಅನಿಶ್ಚಿತತೆಯನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಸೀಸದ ಉದಾಹರಣೆ ಕೊಡುತ್ತೇನೆ. ಸೀಸದಲ್ಲಿ ಪ್ರೋಟಾನ್‌ಗಳಿಗಿಂತ 44 ನ್ಯೂಟ್ರಾನ್‌ಗಳು ಹೆಚ್ಚು, ಅವು ಅಂಚಿನಲ್ಲಿ ತೆಳುವಾದ ನ್ಯೂಟ್ರಾನ್ ಪದರ ಕಟ್ಟುತ್ತವೆ. ಆ ಪದರದ ದಪ್ಪ ಗೊತ್ತಾದರೆ ನ್ಯೂಟ್ರಾನ್ ನಕ್ಷತ್ರಗಳ ಗಾತ್ರದ ಬಗ್ಗೆಯೂ ಸುಳಿವು ಸಿಗುತ್ತದೆ, ಆದ್ದರಿಂದ ಇದು ದೊಡ್ಡ ಪ್ರಶ್ನೆ. ಸಂಸಕ್ತ ತಟಸ್ಥ ಪಯಾನ್ ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಬಹುತೇಕ ಸಮಾನವಾಗಿ ನೋಡುವುದರಿಂದ ಈ ಅಳತೆಗೆ ಅದು ಸೊಗಸಾದ ಸಾಧನ ಅನಿಸಿತು. 2014ರಲ್ಲಿ ಮೈಂಜ್‌ನ ಪ್ರಯೋಗ ಸುಮಾರು 0.15 ಫೆಮ್ಟೋಮೀಟರ್ ಎಂದು ವರದಿ ಮಾಡಿತು. 2021ರಲ್ಲಿ ಜೆಫರ್ಸನ್ ಲ್ಯಾಬ್‌ನ ‘ಪ್ರೆಕ್ಸ್–2’, ಎಲೆಕ್ಟ್ರಾನ್ ಚದುರಿಕೆಯ ತೀರ ಬೇರೆ ವಿಧಾನದಿಂದ 0.283 ಎಂದಿತು, ದೋಷದ ಮಿತಿ 0.071. ಆಮೇಲೆ ಸಿದ್ಧಾಂತಿಗಳು ಪಯಾನ್ ಲೆಕ್ಕವನ್ನು ಮತ್ತೆ ಬಿಚ್ಚಿ ನೋಡಿದಾಗ, ಪದರದ ದಪ್ಪ ಫಲಿತಾಂಶದ ಮೇಲೆ ಬೀರುವ ಪ್ರಭಾವ ಕಿರಿದು, ಕ್ರಿಯೆಯ ಮಾದರಿಯಲ್ಲಿ ಮಾಡಿಕೊಂಡ ಅಂದಾಜುಗಳ ಪ್ರಭಾವ ಅದಕ್ಕೆ ಕಡಿಮೆಯಿಲ್ಲ ಎಂದು ಕಂಡಿತು. ಪ್ರಯೋಗದಲ್ಲಿ ಪಯಾನ್‌ಗಳನ್ನು ಎಣಿಸಿದ್ದರಲ್ಲಿ ಲೋಪವಿರಲಿಲ್ಲ, ಅವರು ಬಳಸಿದ ‘ಕ್ರಿಸ್ಟಲ್ ಬಾಲ್’ ಶೋಧಕದ 672 ಸೋಡಿಯಂ ಅಯೋಡೈಡ್ ಹರಳುಗಳು ತಮ್ಮ ಕೆಲಸ ಮಾಡಿದ್ದವು. ಎಣಿಕೆಯಿಂದ ದಪ್ಪಕ್ಕೆ ಹೋಗುವ ಸೇತುವೆ ಮಾದರಿಯದ್ದಾಗಿತ್ತು. ನಿಮ್ಮ ಪ್ರಬಂಧದಲ್ಲಿ ಒಂದೇ ಗೆರೆ ಎಳೆಯಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಸಮಂಜಸವಾದ ಎರಡು ಮೂರು ಆಯ್ಕೆಗಳನ್ನು ಓಡಿಸಿ, ಅವುಗಳ ನಡುವಿನ ಪಟ್ಟಿಯನ್ನು ತೋರಿಸಿ.

ಇದೆಲ್ಲ ಯಾವ ಉಪಯೋಗಕ್ಕೆ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ ನ್ಯೂಟ್ರಿನೋ (ವಸ್ತುವನ್ನು ಬಹುತೇಕ ಮುಟ್ಟದೆ ಹಾದುಹೋಗುವ ಕಣ) ಪ್ರಯೋಗಗಳನ್ನು ತೋರಿಸಿ. ನಮ್ಮದೇ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳು ಮೊದಲ ಬಾರಿಗೆ ಸಿಕ್ಕವು. ಇಂದು ಜಪಾನ್, ಅಮೆರಿಕಗಳ ದೊಡ್ಡ ಪ್ರಯೋಗಗಳಲ್ಲಿ ನ್ಯೂಟ್ರಿನೋ ನ್ಯೂಕ್ಲಿಯಸ್ಸಿಗೆ ಬಡಿದು ಪಯಾನ್ ಹುಟ್ಟಿಸುತ್ತದೆ, ಆ ಪಯಾನ್ ಒಳಗೇ ಕಳೆದುಹೋದರೆ ನ್ಯೂಟ್ರಿನೋದ ಶಕ್ತಿಯ ಅಂದಾಜು ತಪ್ಪುತ್ತದೆ. ಬಂದ ನ್ಯೂಟ್ರಿನೋದ ಶಕ್ತಿ ಮೊದಲೇ ತಿಳಿದಿರುವುದಿಲ್ಲ. ಫೋಟಾನ್‌ನದು ತಿಳಿದಿರುತ್ತದೆ: ತೆಳು ಹಾಳೆಯಲ್ಲಿ ಫೋಟಾನ್ ಬಿಟ್ಟುಕೊಟ್ಟ ಎಲೆಕ್ಟ್ರಾನ್‌ನಲ್ಲಿ ಉಳಿದ ಶಕ್ತಿಯನ್ನು ಅಯಸ್ಕಾಂತದಿಂದ ಅಳೆದು ಕಳೆದರೆ ಸಾಕು. ಪಯಾನ್ ಎಷ್ಟು ಕಳೆದುಹೋಗುತ್ತದೆ ಎಂಬ ಮಾದರಿಯನ್ನು ತಾಳೆ ನೋಡಲು ಬೆಳಕಿನ ಅಳತೆಗಳು ಬೇಕಾಗುವುದು ಹೀಗೆ. ವಿಶ್ವಕಿರಣಗಳಲ್ಲೂ ಇದೇ ಕ್ರಿಯೆ ಇದೆ. ಸುಮಾರು 5 ಅನ್ನು 10ರ 19ನೇ ಘಾತದಿಂದ ಗುಣಿಸಿದಷ್ಟು ಎಲೆಕ್ಟ್ರಾನ್ ವೋಲ್ಟ್ ಮೀರಿದ ಪ್ರೋಟಾನ್‌ಗೆ ಬ್ರಹ್ಮಾಂಡದ ಹಿನ್ನೆಲೆಯ ತಣ್ಣನೆಯ ಬೆಳಕೂ ಡೆಲ್ಟಾ ಎಬ್ಬಿಸುವಷ್ಟು ಬಲವಾಗಿ ಕಾಣುತ್ತದೆ, ಪಯಾನ್ ಹುಟ್ಟಿಸುತ್ತಾ ಅದು ಶಕ್ತಿ ಕಳೆದುಕೊಳ್ಳುತ್ತದೆ. ಗ್ರೈಸೆನ್, ಜಾಟ್ಸೆಪಿನ್, ಕುಜ್ಮಿನ್ 1966ರಲ್ಲಿ ತೋರಿಸಿದ್ದು ಇದನ್ನು.

ವಿಷಯ ಬದಲಿಸಬೇಡಿ. ನನ್ನ ಸಲಹೆಯ ಕ್ರಮ ಹೀಗಿದೆ. ಕಾರ್ಬನ್ ಬದಿಗಿಟ್ಟು ಮೊದಲು ಡ್ಯೂಟೆರಾನ್ ಮೇಲೆ ನಿಮ್ಮ ಕೋಡ್ ಓಡಿಸಿ. ಸ್ವತಂತ್ರ ನ್ಯೂಟ್ರಾನ್‌ಗಳ ಗುರಿ ಎಂಬುದು ಎಲ್ಲೂ ಇಲ್ಲದ್ದರಿಂದ ನ್ಯೂಟ್ರಾನ್‌ನ ಆಂಪ್ಲಿಟ್ಯೂಡ್‌ಗಳು ತಿಳಿದಿರುವುದೂ ಬಹುಪಾಲು ಡ್ಯೂಟೆರಾನ್‌ನಿಂದಲೇ. 12 ಪ್ರೋಟಾನ್ ಎಂದು ಗುಣಿಸಿದ ನಿಮ್ಮ ಊಹೆ ಡೆಲ್ಟಾ ಪ್ರದೇಶದಲ್ಲಿ ಏಕೆ ತಕ್ಕಮಟ್ಟಿಗೆ ಸರಿ ಎಂಬುದೂ ಅಲ್ಲಿ ಕಾಣುತ್ತದೆ. ಅದು ಕೂಡಿಬಂದ ಮೇಲೆ ಕಾರ್ಬನ್‌ಗೆ ಫರ್ಮಿ ಚಲನೆ ಸೇರಿಸಿ ಒಂದು ಗ್ರಾಫ್, ಪೌಲಿ ನಿಷೇಧ ಸೇರಿಸಿ ಇನ್ನೊಂದು, ಪಯಾನ್ ನಷ್ಟದ ಕೈಲೆಕ್ಕ ಸೇರಿಸಿ ಮತ್ತೊಂದು. ಒಂದು ಸಲಕ್ಕೆ ಒಂದೇ ಕಾರಣ. ಸಂಸಕ್ತ ಭಾಗವನ್ನು ಬೇರೆ ಗೆರೆಯಾಗಿ ಎಳೆಯಿರಿ. ಕೊನೆಯಲ್ಲಿ ಸಾಗಣೆ ಕೋಡ್‌ನ ಫಲಿತಾಂಶವನ್ನು ಪಕ್ಕದಲ್ಲಿಟ್ಟು, ನಷ್ಟದ ದೂರವನ್ನು ಬದಲಿಸದೆ ಸೀಸಕ್ಕೆ ಹೋಗಿ ನೋಡಿ.

ವಿದ್ಯುತ್ತಿನ ಮಾತು. ಇದರಲ್ಲಿ ಸಾಗಣೆ ಕೋಡ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬ್ಯಾಟರಿಯ ಮೇಲೆ ಮುಗಿಯುವ ಕೆಲಸ. ಸಾಗಣೆ ಕೋಡನ್ನು ಫೋಟಾನ್ ಶಕ್ತಿಯೊಂದಕ್ಕೆ ಒಂದರಂತೆ ಸಣ್ಣ ಸಣ್ಣ ಓಟಗಳಾಗಿ ಒಡೆದು, ಪ್ರತಿ ಓಟದ ಫಲಿತಾಂಶವನ್ನು ಆಗಲೇ ಫೈಲಿಗೆ ಬರೆಸಿ; ನಡುವೆ ಕರೆಂಟು ಹೋದರೆ ಒಂದು ಓಟ ಹಾಳಾದೀತೇ ಹೊರತು ರಾತ್ರಿಯಿಡೀ ಮಾಡಿದ್ದಲ್ಲ. ಜೂನ್‌ಗೆ ಮೊದಲು ಕಾಲೇಜಿನ ಕಂಪ್ಯೂಟರಿನಲ್ಲೇ ಆ ಭಾಗವನ್ನು ಮುಗಿಸಿಕೊಂಡರೆ ಇನ್ನೂ ಒಳ್ಳೆಯದು. ಡ್ಯೂಟೆರಾನ್ ಗ್ರಾಫ್ ಸಿದ್ಧವಾದಾಗ ಕಳುಹಿಸಿ. ಜೊತೆಗೆ, ನ್ಯೂಕ್ಲಿಯಾನ್ ಮತ್ತು ಫೋಟಾನ್ ಸೇರಿದ ಒಟ್ಟು ಶಕ್ತಿಯನ್ನು ಲೆಕ್ಕ ಹಾಕುವಾಗ ಬಂಧನಶಕ್ತಿಯನ್ನು ಎಲ್ಲಿ ಕಳೆದಿರಿ ಎಂಬುದನ್ನೂ ಬರೆದು ತಿಳಿಸಿ. ಆ ಒಂದು ಆಯ್ಕೆಯಿಂದಲೇ ಶಿಖರ ಹತ್ತು ಇಪ್ಪತ್ತು ಎಂಇವಿ ಸರಿಯಬಲ್ಲದು.